ಗಾಯ ಅವರದು, ಕಾಯಿಲೆ ನನ್ನದು

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ.

ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ಅತ್ತೆಯ ಫೋನು. ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎನ್ನಲು ಅವರು ಕರೆ ಮಾಡಿದ್ದರು. ಶಾಲೆಯಲ್ಲಿ ಸೈಲೆಂಟಿಗೆ ಹಾಕಿದ ಫೋನು ಹಾಗೇ ಇತ್ತು. ಸೊಂಟಕ್ಕೆ ಒತ್ತಿಕೊಂಡಿದ್ದ ಬ್ಯಾಗಿನೊಳಗೆ ಅದು ನಡುಗಿದ್ದು ಗೊತ್ತಾಯಿತು. ಎತ್ತೋಣವೆಂದು ಜಿಪ್ಪಿಗೆ ಕೈ ಹಾಕಿದೆ. ಅಷ್ಟರಲ್ಲಿ ಎಡಗಡೆಯ ಕಬ್ಬಿನ ಗದ್ದೆಯಿಂದ ಅದು ಹಾರಿತು.

ಅದು ಎಂದರೆ ಚಿರತೆ.

ಈಗ ಈ ಪದವನ್ನು ಬರೆಯಬಲ್ಲೆ. ಮಳೆಗಾಲದಿಂದ ದೀಪಾವಳಿಯವರೆಗೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊತ್ತು ಮುಳುಗಿದ ಮೇಲೆ ಹಾವಿಗೆ ಹುಳ ಅನ್ನುತ್ತೇವಲ್ಲ, ಹಾಗೆ ಹಗಲೂ ಇರುಳೂ ಅದು ಬರೀ ‘ಅದು’ ಆಗಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ನಂಜನಗೂಡಿನಲ್ಲಿ. ಶಾಲೆ ಇರುವುದು ತಿರುಮಕೂಡಲು ನರಸೀಪುರದ ಕಡೆ ಹೋಗುವ ರಸ್ತೆಯಿಂದ ಒಳಗೆ, ಕಬ್ಬಿನ ನಡುವೆ ಸಾಗುವ ಸಣ್ಣ ಡಾಂಬರು ದಾರಿಯ ತುದಿಯಲ್ಲಿರುವ ಒಂದು ಊರಿನಲ್ಲಿ. ದಿನಾ ಮಕ್ಕಳ ಜೊತೆ ನಡೆದು ಮೇನ್ ರೋಡಿಗೆ ಬಂದು ಬಸ್ಸು ಹಿಡಿಯುವುದು ರೂಢಿ. ಅಂದು ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಇತ್ತು, ಬಸ್ಸು ತಪ್ಪಿತು. ನನ್ನ ಗಂಡ ಗುರುಮಲ್ಲು ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಅಂಗಡಿ ಬಿಟ್ಟು ಸ್ಕೂಟರಿನಲ್ಲಿ ಕರೆದೊಯ್ಯಲು ಬಂದಿದ್ದರು. ಅವರು ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ.

ಸ್ಕೂಟರು ಒಂದು ಕಡೆ, ನಾನು ಒಂದು ಕಡೆ. ಅವರು ಬೋರಲು ಬಿದ್ದಿದ್ದರು. ಅವರ ಬೆನ್ನ ಮೇಲೆ ಅದು.

ನಾನು ಬಾಯಿ ತೆರೆದೆ.

ಸ್ವರ ಬರಲಿಲ್ಲ.

ಕೈಯಲ್ಲಿ ಊಟದ ಸ್ಟೀಲು ಡಬ್ಬಿ ಇತ್ತು. ಅದನ್ನು ಹಿಡಿದು ರಸ್ತೆಗೆ ಬಡಿದೆ. ಬಡಿಯುತ್ತಲೇ ಹೋದೆ. ಮುಚ್ಚಳ ಕಳಚಿ ಹಾರಿತು, ಉಳಿದ ಅನ್ನ ಚೆಲ್ಲಿತು. ನಾನು ಕೂಗಲಾರದ್ದನ್ನು ಡಬ್ಬಿ ಕೂಗಿತು. ಅದು ತಲೆ ತಿರುಗಿಸಿ ನನ್ನನ್ನು ನೋಡಿತು. ಆಮೇಲೆ, ಬಂದಷ್ಟೇ ಬೇಗ, ಕಬ್ಬಿನೊಳಕ್ಕೆ ಹೋಯಿತು. ಸ್ವಲ್ಪ ದೂರದವರೆಗೆ ಗರಿಗಳು ಅಲ್ಲಾಡಿದವು. ಆಮೇಲೆ ಅದೂ ಇಲ್ಲ.

ಗುರುಮಲ್ಲು ಮೊಣಕೈ ಊರಿ ಎದ್ದು ಕೂತರು. ಅಂಗಿ ಹರಿದು ಬೆನ್ನು ಒದ್ದೆಯಾಗಿತ್ತು. ನನ್ನನ್ನೂ ಡಬ್ಬಿಯನ್ನೂ ನೋಡಿ ಅವರು ಆಡಿದ ಮೊದಲ ಮಾತು ಇದು: “ಮೇಡಮ್ಮೋರೆ, ಮುಚ್ಚಳ ಎಲ್ಲೋಯ್ತು ನೋಡಿ.”

ಆಸ್ಪತ್ರೆಯಲ್ಲಿ ಗಾಯ ತೊಳೆದರು. ಬಲಭುಜದಿಂದ ಬೆನ್ನಿನ ನಡುವಿನವರೆಗೆ ನಾಲ್ಕು ಗೆರೆ. ಹೊಲಿಗೆ, ಟಿಟಿ, ರೇಬೀಸ್ ಇಂಜೆಕ್ಷನ್ನು. ಅವರು ನರ್ಸ್ ಜೊತೆ ತಮಾಷೆ ಮಾಡುತ್ತ ಕೂತಿದ್ದರು. ನನ್ನ ಮೊಣಕಾಲು ತರಚಿತ್ತು, ಅಷ್ಟೆ. ಡಬ್ಬಿಯ ಹಿಡಿ ಬಿಡಿಸಲು ಮಾತ್ರ ನರ್ಸ್ ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

“ನಿಮಗೇನೂ ಆಗಿಲ್ಲ ಅಲ್ವಾ?” ಎಂದು ಡಾಕ್ಟರು ಕೇಳಿದರು.

“ಇಲ್ಲ ಸರ್” ಎಂದೆ.

ಗಾಯ ಒಣಗಿತು. ಇವರು ಅಂಗಡಿ ತೆಗೆದರು. ಸುದ್ದಿ ಹುಲ್ಲಹಳ್ಳಿಯವರೆಗೆ ಹಬ್ಬಿ, ಮೋಟರು ಕೆಡದವರೂ ಕಥೆ ಕೇಳಲು ಬರತೊಡಗಿದರು. ಇವರು ದಿನಕ್ಕೊಂದು ಬಣ್ಣ ಹಚ್ಚಿ ಹೇಳುತ್ತಿದ್ದರು. “ಬೆನ್ ಮೇಲೆ ಕೂತ್ಕತ್ತು ಕಣ್ಲಾ. ಎಲ್ಲಿಗೋಗ್ಬೇಕು ಅಂದೆ. ನರಸೀಪುರ ಅಂತು. ಇದು ನಂಜನಗೂಡ್ ಗಾಡಿ, ಇಳ್ಕೊ ಅಂದೆ, ಇಳ್ಕಂಡು ಓಯ್ತು!” ಕೇಳಿದವರೆಲ್ಲ ನಗುತ್ತಿದ್ದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ನನಗೆ ಶುರುವಾದದ್ದು ಶಾಲೆಯಲ್ಲಿ. ಬೋರ್ಡಿನ ಮೇಲೆ ವರ್ಗಸಮೀಕರಣ ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಬೆರಳು ಜೋಮು ಹಿಡಿದು ಸೀಮೆಸುಣ್ಣ ಬಿತ್ತು. ಉಸಿರು ಒಳಕ್ಕೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಸತ್ತೇ ಹೋದೆ ಅಂದುಕೊಂಡೆ. ಇಸಿಜಿ ಮಾಡಿದರು. ನಾರ್ಮಲ್. ಥೈರಾಯ್ಡು, ಶುಗರು, ಎಲ್ಲ ನಾರ್ಮಲ್. ನಾನು ಸಾಯುತ್ತಿರುವುದೊಂದು ಬಿಟ್ಟು ಬೇರೆಲ್ಲ ಸರಿಯಾಗಿತ್ತು.

ಅತ್ತೆ ದೃಷ್ಟಿ ತೆಗೆದರು. ಬೆಚ್ಚಿದವರಿಗೆಂದು ಕಬ್ಬಿಣದ ಸಲಾಕೆ ಕಾಯಿಸಿ ನೀರಿಗೆ ಅದ್ದಿ ಕುಡಿಸಿದರು. ಕುಡಿದೆ. ನಿದ್ದೆ ಮಾತ್ರ ಬರಲಿಲ್ಲ. ಬಂದರೂ ತೆಂಗಿನ ಗರಿಯ ಸದ್ದಿಗೆ ಮುರಿದುಹೋಗುತ್ತಿತ್ತು.

ಆಮೇಲೆ ನನ್ನ ಬದುಕು ಸಣ್ಣದಾಗತೊಡಗಿತು. ಅದು ಸಣ್ಣದಾಗುತ್ತಿದೆ ಎಂದು ಆಗ ಅನ್ನಿಸಲಿಲ್ಲ, ಜಾಣತನ ಅನ್ನಿಸಿತು. ಮೊದಲು ಬಸ್ಸಿನಲ್ಲಿ ಕಿಟಕಿ ಬಿಟ್ಟು ಕೂತೆ, ಒಳದಾರಿಯಲ್ಲಿ ನಡೆಯದೆ ಆಟೋ ಹಿಡಿದೆ. ಆಮೇಲೆ ಕಣ್ಣು ಮುಚ್ಚಿ ಕೂತೆ. ಆಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟು ಮೆಡಿಕಲ್ ಲೀವ್ ಹಾಕಿದೆ. ಪೇಟೆಯಲ್ಲಿ ಕಬ್ಬಿನ ಹಾಲಿನ ಅಂಗಡಿ ಇರುವ ಬೀದಿ ಬಿಟ್ಟೆ. ಬೆಲ್ಲದ ವಾಸನೆಯೂ ಬೇಡವಾಗಿ ಕಾಯಿಹಾಲಿಗೆ ಸಕ್ಕರೆ ಬಂತು. ಅತ್ತೆ ಸಾಕಿದ ಬೆಕ್ಕು ಪಕ್ಕದ ಮನೆಗೆ ಹೋಯಿತು. ಸ್ಟೀಲು ತಟ್ಟೆ ಕೈಜಾರಿ ಬಿದ್ದರೆ ನಾನು ಕಿವಿ ಮುಚ್ಚಿಕೊಂಡು ಕುಸಿಯುತ್ತಿದ್ದೆ ಎಂದು ಎಲ್ಲರೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಉಂಡರು. ಒಂದೊಂದನ್ನು ಬಿಟ್ಟಾಗಲೂ ಎರಡು ದಿನ ಹಾಯೆನಿಸುತ್ತಿತ್ತು. ಮೂರನೆಯ ದಿನ ಬಿಡಬೇಕಾದ ಇನ್ನೊಂದು ವಸ್ತು ಎದುರಿಗೆ ನಿಂತಿರುತ್ತಿತ್ತು.

ಕೊನೆಗೆ ಗಂಡನ ಬೆನ್ನು. ಅವರು ಅಂಗಿ ಬಿಚ್ಚಿದರೆ ನಾನು ಗೋಡೆ ನೋಡುತ್ತಿದ್ದೆ.

ಒಂದು ದಿನ ಅವರು ಅಂಗಿ ಹಾಕಿಕೊಂಡೇ ಮಲಗಿದರು. ಮರುದಿನವೂ ಹಾಗೆಯೇ.

ನನ್ನ ರಜೆ ಮುಗಿಯುತ್ತಿತ್ತು. ಹತ್ತನೇ ತರಗತಿಯ ಮಕ್ಕಳಿಗೆ ಗಣಿತಕ್ಕೆ ಯಾರೂ ಇರಲಿಲ್ಲ. ಹೆಡ್‌ಮಾಸ್ಟರು ಫೋನು ಮಾಡಿ, “ಬರ್ತೀರೋ ಇಲ್ವೋ ಅಷ್ಟ್ ಹೇಳಮ್ಮಾ, ನಾನು ಬೇರೆ ದಾರಿ ನೋಡ್ಕೋತೀನಿ” ಎಂದರು. ಆ ದಾರಿಯಲ್ಲಿ ಹೋಗಲಾರೆ. ಬೇರೆ ದಾರಿ ಆ ಊರಿಗಿಲ್ಲ. ಕೆಲಸ ಬಿಡುವುದೇ ಸರಿ ಎಂದು ನಿರ್ಧರಿಸಿದೆ. ಆಶ್ಚರ್ಯವೆಂದರೆ, ನಿರ್ಧರಿಸಿದ ಕೂಡಲೇ ಎರಡು ದಿನ ಹಾಯೆನಿಸಿತು.

ಆಗ ಮಾತ್ರ ನನಗೆ ಹೆದರಿಕೆಯಾಯಿತು. ಈ ಹಾಯೆನಿಸುವಿಕೆ ನನ್ನನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆ?

ನಮ್ಮ ಆಸ್ಪತ್ರೆಗೆ ಮಂಗಳವಾರ ಮೈಸೂರಿನಿಂದ ಮನೋವೈದ್ಯರೂ ರೇಷ್ಮಾ ಎಂಬ ಸೈಕಾಲಜಿಸ್ಟೂ ಬರುತ್ತಿದ್ದರು. ವೈದ್ಯರು ಒಂದು ಮಾತ್ರೆ ಬರೆದು, ಇದರ ಜೊತೆ ಮಾತೂ ಬೇಕು ಎಂದು ಪಕ್ಕದ ಕೋಣೆಗೆ ಕಳಿಸಿದರು. ಅತ್ತೆ ನನ್ನ ಜೊತೆಗಿದ್ದರು. ರೇಷ್ಮಾ ಮೇಡಂ ಒಂದು ಹಾಳೆ ತೆಗೆದರು. ಅದರಲ್ಲಿದ್ದ ವಾಕ್ಯಗಳನ್ನು ಓದುತ್ತಾರೆ, ಅದು ನನಗೆ ಎಷ್ಟು ಹೊಂದುತ್ತದೆ ಎಂದು ಒಂದರಿಂದ ಏಳರೊಳಗೆ ಒಂದು ಅಂಕ ಹೇಳಬೇಕು. ಒಂದು ಅಂದರೆ ಎಂದೂ ಇಲ್ಲ, ಏಳು ಅಂದರೆ ಯಾವಾಗಲೂ.

“ಕೆಟ್ಟ ನೆನಪು ಬರಬಹುದು ಎಂದು ಕೆಲವು ಜಾಗಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ” ಎಂದು ಓದಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಅಡ್ಡ ತಂದರು. “ಬುಡ್ತು ಅನ್ನಿ ಮೇಡಮ್ಮೋರೆ. ಕೆಟ್ಟ್ ನೆಪ್ಪು ಅವಳ್ಗ್ಯಾಕೆ? ಮೂರೊತ್ತೂ ಶಿವಪೂಜೆ ಆಗೋ ಮನೆ ನಮ್ದು.”

“ನನ್ನ ಮನಸ್ಸಿನೊಳಗೆ ಏನು ಬಂದುಬಿಡುತ್ತದೋ ಎಂಬ ಹೆದರಿಕೆ ನನಗಿದೆ.”

“ಬುಡ್ತು ಅನ್ನಿ! ಒಂದು ಅಂತ ಬರ್ಕಳಿ, ಒಂದು.”

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಯಾರಾದರೂ ಅಶುಭ ಆಡಿದರೆ ಅದು ನಿಜವಾಗದಿರಲಿ ಎಂದು ‘ಬಿಡ್ತು ಅನ್ನು’ ಎನ್ನುತ್ತೇವೆ. ಆಡಿದವರು ‘ಬಿಡ್ತು’ ಅಂದರೆ ಆ ಮಾತು ಅಲ್ಲಿಗೆ ಸತ್ತುಹೋಯಿತು. ಅತ್ತೆಗೆ ಅದು ದಿನಕ್ಕೆ ಹತ್ತು ಸಲ ಬರುತ್ತದೆ. ಚಿರತೆ ಬಂದ ಮೇಲೆ ಲೆಕ್ಕವಿಲ್ಲ. ‘ಅವತ್ತು ಅದು ಭುಜ ಬಿಟ್ಟು...’ ಎಂದು ನಾನು ಶುರುಮಾಡಿದಾಗಲೆಲ್ಲ ‘ಬುಡ್ತು ಅನ್ನು’ ಎಂದು ಅವರು ಬಾಯಿ ಮುಚ್ಚಿಸಿದ್ದರು. ನಾನೂ ಬಿಡ್ತು ಎಂದು ಎದ್ದುಹೋಗಿದ್ದೆ. ಆ ವಾಕ್ಯ ಒಂದು ಸಲವೂ ಮುಗಿದಿರಲಿಲ್ಲ.

ಅಂದು ಕೂಡ ನಾನು ಅತ್ತೆ ಹೇಳಿದಂತೆಯೇ ಎಲ್ಲಕ್ಕೂ ಒಂದು, ಎರಡು ಎನ್ನುತ್ತ ಹೋದೆ. ಅವರಿಗೆ ಹೆದರಿ ಅಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ಶಾಲೆಯಲ್ಲಿ ಎಲ್ಲ ಸರಿಯಾಗಿದೆ ಎನ್ನುವ ಅಭ್ಯಾಸ. ಮನೆಯ ಮಾನವನ್ನು ಹಾಳೆಯ ಮೇಲೆ ಯಾಕೆ ಇಡುವುದು?

ಮೇಡಂ ಕೂಡಿಸಿ ನೋಡಿ ಪೆನ್ನು ಕೆಳಗಿಟ್ಟರು. “ಈ ಸ್ಕೋರ್ ನೋಡಿದ್ರೆ ನೀವೇ ನನಗೆ ಕೌನ್ಸೆಲಿಂಗ್ ಮಾಡ್ಬೇಕು.”

ಅತ್ತೆಗೆ ಖುಷಿಯಾಯಿತು. “ನಾ ಯೋಳ್ನಿಲ್ವಾ? ಬುದ್ವಂತೆ ನಮ್ ಸೊಸೆ.”

“ಅಮ್ಮಾ, ಹೊರಗಡೆ ಟೀ ಚೆನ್ನಾಗಿರುತ್ತೆ. ಕುಡಿದು ಬನ್ನಿ” ಎಂದರು ಮೇಡಂ.

ಅತ್ತೆ ಎದ್ದುಹೋದರು. ರೇಷ್ಮಾ ಮೇಡಂ ನನ್ನತ್ತ ತಿರುಗಿ ಕೇಳಿದರು. “ಮೇಡಂ, ನೀವು ಪೇಪರ್ ತಿದ್ತೀರಲ್ಲ. ತಪ್ಪು ಬರೆದವನಿಗೂ ಖಾಲಿ ಬಿಟ್ಟವನಿಗೂ ಏನು ವ್ಯತ್ಯಾಸ?”

“ತಪ್ಪು ಬರೆದವನಿಗೆ ಎಲ್ಲಿ ತಪ್ಪಿದ್ದಾನೆ ಅಂತ ತೋರಿಸಬಹುದು” ಎಂದೆ. ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

“ಇದು ನಿಮ್ಮ ಭಯ ಅಳೆಯೋ ಹಾಳೆ ಅಲ್ಲ. ಆ ಘಟನೆ ಆದ ಮೇಲೆ ಭಯ ಇರಲೇಬೇಕು. ಭಯ ಬರಬಾರದು ಅಂತ ನೀವು ಎಷ್ಟು ಓಡ್ತೀರಿ, ಅದನ್ನ ಅಳೆಯುತ್ತೆ. ಇನ್ನೊಂದ್ ಸಲ ಓದ್ಲಾ?”

ಓದಿದರು. ಈ ಸಲ ನಾನೇ ಹೇಳಿದೆ. ಆರು. ಏಳು. ಏಳು. ಬಸ್ಸಿನ ಕಿಟಕಿ ಹೇಳಿದೆ, ಬೆಲ್ಲ ಹೇಳಿದೆ. ಬೆಕ್ಕು, ತಟ್ಟೆ. ಕೊನೆಗೆ ಗಂಡನ ಬೆನ್ನು, ಅದನ್ನೂ ಹೇಳಿದೆ. ಆ ಹಾಳೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಆದರೆ ಬಿಡಿಬಿಡಿಯಾಗಿ ಜಾಣತನವಾಗಿ ಕಂಡದ್ದೆಲ್ಲ ಒಟ್ಟಿಗೆ ಕೂಡಿದಾಗ ಎಷ್ಟು ದೊಡ್ಡ ಮೊತ್ತವಾಯಿತು! ಜೀವಮಾನವೆಲ್ಲ ಕೂಡಿಸುವುದನ್ನು ಕಲಿಸಿದವಳು ನಾನು. ಇದೊಂದನ್ನು ಕೂಡಿಸಿರಲಿಲ್ಲ.

“ಹಾಗಾದರೆ ಆ ದಾರೀಲಿ ಸಂಜೆ ಹೋಗ್ಬೇಕಾ?” ಎಂದು ಕೇಳಿದೆ.

“ಸಂಜೆ ಹೋಗ್ಬೇಡಿ. ಒಬ್ಬರೇ ಹೋಗ್ಬೇಡಿ. ಅದು ಎಚ್ಚರಿಕೆ. ಆದರೆ ಬೆಲ್ಲ ಯಾರನ್ನೂ ಕಚ್ಚಲ್ಲ ಅಲ್ವಾ?” ನನಗೆ ಬಹಳ ದಿನಗಳ ಮೇಲೆ ನಗು ಬಂತು. ಅವರು ಮುಂದುವರಿಸಿದರು. “ಗಲಾಟೆ ಮಾಡೋ ಹುಡುಗನ್ನ ಕ್ಲಾಸಿಂದ ಹೊರಗೆ ಹಾಕಿದ್ರೆ ಏನ್ಮಾಡ್ತಾನೆ?”

“ಕಿಟಕೀಲಿ ನಿಂತ್ಕೊಂಡು ಇಡೀ ಕ್ಲಾಸ್ ಕೆಡಿಸ್ತಾನೆ.”

“ಒಳಗೆ ಕೂರಿಸ್ಕೊಳ್ಳಿ. ಕೊನೇ ಬೆಂಚಲ್ಲಿ ಇರ್ಲಿ. ನೀವು ಪಾಠ ಮಾಡಿ.”

ಕೊನೆಗೆ ಮನೆಗೆಲಸ ಕೊಟ್ಟರು. ಅರ್ಧಕ್ಕೆ ನಿಂತ ವಾಕ್ಯವನ್ನು ಮನೆಯವರ ಮುಂದೆ ಪೂರ್ತಿ ಹೇಳಬೇಕು.

ಕೇಳಲು ಸುಲಭ. ಕೆಲಸ ಬಿಡುವ ಬದಲು ರಜೆ ಮುಂದುವರಿಸಿದೆ. ಮಂಗಳವಾರಗಳು ಕಳೆದವು. ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತೆ. ಎದೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಎಂದು ನಿಂತೇ ಇದ್ದೆ, ಸುಸ್ತಾಗಿ ತಾನೇ ನಿಧಾನವಾಯಿತು. ಬೆಲ್ಲ ತಿಂದೆ. ಬೆಕ್ಕನ್ನು ಕರೆತಂದೆ. ಅದು ಪಕ್ಕದ ಮನೆಯಲ್ಲಿ ದಪ್ಪಗಾಗಿ, ನಮ್ಮ ಮೇಲೆ ಸಿಟ್ಟು ಮಾಡಿಕೊಂಡಿತ್ತು. ಆ ವಾಕ್ಯ ಮಾತ್ರ ಗಂಟಲಲ್ಲೇ ಇತ್ತು. ಬಾಯಿ ತೆರೆದರೆ ಅತ್ತೆಯ ‘ಬುಡ್ತು’ ಸಿದ್ಧವಾಗಿರುತ್ತಿತ್ತು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು ನೀರು ತುಂಬಿದೆವು. ಮರುಬೆಳಿಗ್ಗೆ ಎಣ್ಣೆಸ್ನಾನ. ನಮ್ಮ ಮನೆಯಲ್ಲಿ ಮಗನ ತಲೆಗೂ ಬೆನ್ನಿಗೂ ಎಣ್ಣೆ ಒತ್ತುವುದು ಅತ್ತೆಯ ಹಕ್ಕು. ನಾನು ಮದುವೆಯಾಗಿ ಬಂದ ಮೇಲೂ ಆ ಬಟ್ಟಲನ್ನು ಅವರು ನನ್ನ ಕೈಗೆ ಕೊಟ್ಟಿರಲಿಲ್ಲ. ಆ ಬೆಳಿಗ್ಗೆ ಎಣ್ಣೆ ಕಾಯಿಸಿ ತಂದವರು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟರು. “ನೀನೇ ಒತ್ತು ಕೂಸೇ, ನನ್ ಕೈ ನೋಯ್ತದೆ” ಎಂದು ಬಟ್ಟಲು ಚಾಚಿದರು.

ಮಣೆಯ ಮೇಲೆ ಗುರುಮಲ್ಲು ಬೆನ್ನು ಮಾಡಿ ಕೂತಿದ್ದರು. ಅಂಗಿ ಇರಲಿಲ್ಲ.

ನೋಡಿದೆ.

ನಾಲ್ಕು ಗೆರೆ. ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಹೊಳೆಯುತ್ತಿದ್ದವು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಾಯ ಇನ್ನೂ ರಕ್ತ ಸುರಿಸುತ್ತಿತ್ತು. ಕಣ್ಣೆದುರಿನದು ಯಾವತ್ತೋ ಕೂಡಿಕೊಂಡಿತ್ತು. ಎಣ್ಣೆ ಅದ್ದಿದ ಬೆರಳು ಮೊದಲ ಗೆರೆಯ ಮೇಲಿಟ್ಟೆ. ಬೆಚ್ಚಗಿತ್ತು. ಕೈ ಹಿಂದೆ ತೆಗೆಯಬೇಕೆನಿಸಿತು. ತೆಗೆಯದೆ ಒತ್ತಿದೆ.

“ಗಿರಿಜಾ, ಕಚಗುಳಿ ಇಡ್ಬೇಡ” ಎಂದರು. ಅವರ ಸ್ವರ ಸರಿಯಿರಲಿಲ್ಲ. ಹೆಸರು ಹಿಡಿದು ಕರೆದರೆ ಅವರು ತಮಾಷೆಯಲ್ಲಿಲ್ಲ ಎಂದರ್ಥ.

ಆಗ ಹೇಳಿದೆ. “ಅವತ್ತು ಅದು ಭುಜ ಬಿಟ್ಟು ಕುತ್ತಿಗೆಗೆ ಬಾಯಿ ಹಾಕಿದ್ದಿದ್ರೆ...”

ಬಾಗಿಲಲ್ಲಿ ಅತ್ತೆ ‘ಬು...’ ಎಂದರು.

ನಾನು ತಿರುಗಿ ಅವರ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾತು ನುಂಗಿದರು.

“...ನೀವು ಸತ್ತೋಗ್ತಿದ್ರಿ. ನಾನು ಡಬ್ಬಿ ಹಿಡ್ಕೊಂಡು ನೋಡ್ತಾ ನಿಂತಿರ್ತಿದ್ದೆ. ನನ್ನ ಬಾಯಿಂದ ನಿಮ್ಮ ಹೆಸರೂ ಬರ್ಲಿಲ್ಲ.”

ವಾಕ್ಯ ಮುಗಿಯಿತು.

ಏನೂ ಆಗಲಿಲ್ಲ. ಹಂಡೆಯ ಕೆಳಗೆ ಸೌದೆ ಚಟಪಟ ಎನ್ನುತ್ತಿತ್ತು. ಗುರುಮಲ್ಲು ನೆಲ ನೋಡುತ್ತ, “ನಂಗೂ ಅಂಗೇ ಅನ್ಸ್ತು. ಸತ್ತೆ ಅಂತಾನೇ ಅನ್ಕಂಡೆ” ಎಂದರು. ಅಷ್ಟು ದಿನ ಅಂಗಡಿಯಲ್ಲಿ ಹೇಳಿದ ಕಥೆಯಲ್ಲಿ ಈ ಸಾಲು ಒಮ್ಮೆಯೂ ಬಂದಿರಲಿಲ್ಲ. “ಆ ರೋಡ್ ಕಡೆಯಿಂದ ಮೋಟರ್ ರಿಪೇರಿಗೆ ಕರುದ್ರೆ ಇವತ್ಗೂ ಓಗಲ್ಲ ನಾನು. ಕೆಲ್ಸ ಜಾಸ್ತಿ ಅಂತ ಸುಳ್ ಯೋಳ್ತೀನಿ.”

ಅತ್ತೆ ಹೊಸ್ತಿಲ ಮೇಲೇ ಕೂತರು. ಜೋರಾಗಿ ಅಳತೊಡಗಿದರು.

“ನಾನ್ ಕಣವ್ವ ಫೋನ್ ಮಾಡಿದ್ದು. ಕೊತ್ತುಂಬ್ರಿ ಸೊಪ್ಗೆ! ನನ್ ಫೋನ್ ಸದ್ ಕೇಳ್ಕಂಡೇ ಅದು ಆರ್ತು. ಮಗನ್ನ ನಾನೇ ಕೊಲ್ಲಿಸ್ಬುಡ್ತಿದ್ನಲ್ಲವ್ವಾ. ಎಂಗ್ ಯೋಳ್ಲಿ ಯಾರ್ಗಾದ್ರೂ?”

ಆಗ ಒಂದೊಂದಾಗಿ ಹೊಳೆಯಿತು. ದಿನಕ್ಕೆ ಐದು ಸಲ ಫೋನು ಮಾಡುತ್ತಿದ್ದವರು ಅಂದಿನಿಂದ ಯಾರಿಗೂ ಮಾಡಿರಲಿಲ್ಲ. ಮನೆಯ ಸಾರಿಗೆ ಕೊತ್ತಂಬರಿ ಬೀಳುವುದು ನಿಂತಿತ್ತು. ಮಗನ ಬೆನ್ನಿಗೆ ಎಣ್ಣೆ ಒತ್ತುವ ಹಕ್ಕನ್ನು ಬಿಟ್ಟುಕೊಟ್ಟದ್ದು ಕೈನೋವಿನಿಂದಲ್ಲ. ನನ್ನ ವಾಕ್ಯವನ್ನು ಅವರು ತಡೆದದ್ದು ನನಗಾಗಿ ಎಂದುಕೊಂಡಿದ್ದೆ. ಅದರ ಕೊನೆಯಲ್ಲಿ ತಮ್ಮ ಹೆಸರು ಬಂದುಬಿಡುತ್ತದೆ ಎಂದು ಅವರು ಅಂಜಿದ್ದರು.

“ಅತ್ತೆ, ಫೋನು ಸೈಲೆಂಟಲ್ಲಿತ್ತು” ಎಂದೆ.

“ಆ?”

“ಸ್ಕೂಲಲ್ಲಿ ಸೈಲೆಂಟಿಗೆ ಹಾಕಿರ್ತೀನಿ. ಬ್ಯಾಗೊಳಗೆ ನಡುಗಿತು ಅಷ್ಟೆ. ಸದ್ದೇ ಆಗಿಲ್ಲ. ಅದಕ್ಕೆ ಕೇಳಿಸೋಕೆ ಏನೂ ಇರ್ಲಿಲ್ಲ.”

ಅತ್ತೆ ನನ್ನನ್ನೇ ನೋಡಿದರು. “ನಿಜ ಯೋಳು. ಸಮಾಧಾನಕ್ ಯೋಳ್ಬೇಡ.”

“ನಂಜುಂಡನಾಣೆ.”

“ಮುಂಡೇದೆ, ಮದ್ಲೇ ಯೋಳಕ್ಕೇನಾಗಿತ್ತು?” ಎಂದು ನನ್ನ ಬೆನ್ನಿಗೊಂದು ಗುದ್ದಿದರು.

“ನೀವು ಬುಡ್ತು ಅನ್ನೋದು ಬಿಟ್ಟಿದ್ರೆ ಹೇಳ್ತಿದ್ದೆ” ಎಂದೆ.

ಗುರುಮಲ್ಲು ಎಣ್ಣೆ ಸುರಿಯುವ ಮೈಯಲ್ಲೇ ನಗತೊಡಗಿದರು. “ಅವ್ವ, ನೀನೂ ಮಂಗ್ಳುವಾರ ಓಗು. ಆ ಹಾಳೇಲಿ ಅಳತೆ ಮಾಡ್ಸ್ಕೊಂಡ್ ಬಾ.”

“ಓಯ್ತೀನಿ ಕಣ್ಲಾ. ನಿಂಗಿಂತ ಕಮ್ಮಿ ತಗತೀನಿ ನೋಡ್ತಿರು.”

ಹಬ್ಬ ಕಳೆದ ಸೋಮವಾರ ಶಾಲೆಗೆ ಹೊರಟೆ. ಬೆಳಿಗ್ಗೆ, ಬಿಸಿಲಿನಲ್ಲಿ. ಸ್ಕೂಟರು ನಾನೇ ಓಡಿಸುತ್ತೇನೆ ಎಂದೆ. ಗುರುಮಲ್ಲು ಹಿಂದೆ ಕೂತರು. “ನಿಧಾನಕ್ಕೋಡ್ಸಿ ಮೇಡಮ್ಮೋರೆ, ಅದ್ಕಿಂತ ನಿಮ್ ಡ್ರೈವಿಂಗೇ ಭಯ” ಎಂದರು. ಅವರ ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು. ಆ ಹಿಡಿತದಲ್ಲಿ ತಮಾಷೆ ಇರಲಿಲ್ಲ.

ಮೇನ್ ರೋಡಿನಿಂದ ತಿರುಗಿದೆವು. ಎರಡೂ ಬದಿಗೆ ಕಬ್ಬು. ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೊನೇ ಬೆಂಚಲ್ಲಿ ಕೂರು ಎಂದು ಹೇಳಿ ಮುಂದೆ ಹೋದೆ.

ಆಗ ಕೇಳಿಸಿತು. ಠಣ್. ಠಣ್. ಠಣ್.

ಸ್ಟೀಲಿನ ಸದ್ದು.

ಬ್ರೇಕ್ ಹಾಕಿದೆ. ನನ್ನ ಡಬ್ಬಿ ಇನ್ನೂ ಆ ರಸ್ತೆಗೆ ಬಡಿಯುತ್ತಲೇ ಇದೆ ಅನ್ನಿಸಿತು. ತಿರುಗಿ ಹೋಗಿಬಿಡೋಣ ಎಂದು ಮೈಯೆಲ್ಲ ಕೂಗಿತು. ತಿರುಗಿದ್ದರೆ ಎರಡು ದಿನ ಹಾಯಾಗಿರುತ್ತಿತ್ತು, ಅದು ನನಗೆ ಗೊತ್ತಿತ್ತು. ಗುರುಮಲ್ಲು ಹಿಂದಿನಿಂದ, “ಓಗಮ್ಮಿ” ಎಂದರು, ಮೆಲ್ಲಗೆ.

ಹೋದೆ.

ತಿರುವಿನಾಚೆ ಮಕ್ಕಳಿದ್ದರು. ಬಸ್ಸಿಳಿದು ಶಾಲೆಗೆ ನಡೆದುಹೋಗುತ್ತಿದ್ದ ಗುಂಪು. ಬಿಸಿಯೂಟದ ತಟ್ಟೆ ಒಂದು ಕೈಯಲ್ಲಿ, ಚಮಚವೋ ಕಡ್ಡಿಯೋ ಇನ್ನೊಂದರಲ್ಲಿ. ತಾಳ ಹಾಕುತ್ತ, ಹಾಡು ಹೇಳುತ್ತ, ಸಾಲಾಗಿ ಹೋಗುತ್ತಿದ್ದರು. ಸ್ಕೂಟರಿನ ಸದ್ದಿಗೆ ಒಬ್ಬಳು ತಿರುಗಿದಳು.

“ಗಣಿತ್ ಮಿಸ್ ಬಂದ್ರು ಕಣ್ರೋ!”

ಆಮೇಲೆ ಎದ್ದ ಗದ್ದಲಕ್ಕೆ ತಾಲ್ಲೂಕಿನ ಅಷ್ಟೂ ಚಿರತೆಗಳು ಓಡಿಹೋಗಿರಬೇಕು. ನನ್ನ ಸುತ್ತ ನಿಂತು ತಟ್ಟೆ ಬಡಿದರು. ಹತ್ತನೇ ತರಗತಿಯ ಶ್ವೇತಾ ಹೇಳಿದಳು. “ಮಿಸ್, ನೀವು ಡಬ್ಬಿ ಬಡ್ದು ಓಡಿಸಿದ್ರಲ್ಲ, ನೀವು ರಜ ಆಕುದ್ ಮೇಲಿಂದ ನಾವೂ ಇಂಗೇ ಬತ್ತೀವಿ. ನಮ್ಮೂರೋರು ಗದ್ದೆಗೆ ನೀರ್ ಕಟ್ಟಕ್ ಓಗೋವಾಗ್ಲೂ ತಟ್ಟೆ ಬಡೀತಾರೆ. ಇನ್ನೂ ಯಾರ್ಗೂ ಏನೂ ಆಗಿಲ್ಲ ಮಿಸ್.”

ನಾನು ರಸ್ತೆಯ ನಡುವೆ ನಿಂತೆ. ಆ ಸದ್ದಿನಿಂದ ತಪ್ಪಿಸಿಕೊಳ್ಳಲು ಮನೆಯ ತಟ್ಟೆಗಳನ್ನು ಅಟ್ಟಕ್ಕೆ ಹಾಕಿಸಿದ್ದೆ. ಅದೇ ಸದ್ದನ್ನು ಹಿಡಿದು ಒಂದು ಊರು ಧೈರ್ಯವಾಗಿ ಓಡಾಡುತ್ತಿತ್ತು. ನನ್ನ ಗಂಟಲಿನಿಂದ ಹೊರಡದ ಕೂಗು ಇಷ್ಟೊಂದು ಕೈಗಳಿಗೆ ಹೋಗಿ ಸೇರಿತ್ತು. ಇತ್ತ ಬಂದಿದ್ದರೆ ತಾನೆ ನನಗೆ ಗೊತ್ತಾಗುತ್ತಿದ್ದದ್ದು!

ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಡಬ್ಬಿಯ ಮುಚ್ಚಳ ಇತ್ತು. ಒಂದು ಕಡೆ ನಗ್ಗಿತ್ತು. ಉಜ್ಜಿ ಉಜ್ಜಿ ಬೆಳ್ಳಿಯಂತೆ ಮಾಡಿದ್ದರು. ಗುರುಮಲ್ಲು ಅದನ್ನು ಕಪ್ ಗೆದ್ದವರ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದರು. “ಮುಚ್ಚಳ ಸಿಕ್ತು!” ಎಂದು ಕೂಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅಂದು ಅರ್ಧಕ್ಕೆ ಬಿಟ್ಟಿದ್ದ ವರ್ಗಸಮೀಕರಣದಿಂದಲೇ ಪಾಠ ಶುರುಮಾಡಿದೆ.

ಮುಂದಿನ ಮಂಗಳವಾರ ರೇಷ್ಮಾ ಮೇಡಂ ಅದೇ ಹಾಳೆ ತೆಗೆದರು. ನನ್ನ ಅಂಕ ಬಹಳ ಇಳಿದಿತ್ತು. ಎಲ್ಲಕ್ಕೂ ಒಂದು ಅನ್ನುವಷ್ಟೇನಲ್ಲ. “ಭಯ ಹೇಗಿದೆ?” ಎಂದು ಕೇಳಿದರು. “ಇದೆ” ಎಂದೆ. ಹೇಳುವಾಗ ನಾಚಿಕೆಯ ಬದಲು ಒಂಥರಾ ಹೆಮ್ಮೆಯಿತ್ತು. ಆ ಸಲ ಅತ್ತೆಯೂ ಅಳೆಸಿಕೊಂಡರು. ಪ್ರತಿ ವಾಕ್ಯಕ್ಕೂ ಪಕ್ಕದ ಮನೆಯವರ ಕಥೆ ಸೇರಿಸಿ ಹೇಳಿದ್ದರಿಂದ ಅವರ ಹಾಳೆ ಮುಗಿಯಲು ಮಧ್ಯಾಹ್ನವಾಯಿತು. ಬಂದ ಮೊತ್ತ ಕೇಳಿ, “ಏಳೇಳು ಅಂತ ಎಲ್ಲಾದ್ರಲ್ಲೂ ಫಸ್ಟ್ ಬಂದ್ನಾ?” ಎಂದರು.

ಅರಣ್ಯ ಇಲಾಖೆಯವರು ಇಟ್ಟ ಬೋನಿಗೆ ಆಮೇಲೆ ಒಂದು ಚಿರತೆ ಬಿತ್ತು. ಇವರ ಬೆನ್ನ ಮೇಲೆ ಕೂತದ್ದು ಅದೋ, ಇನ್ನೊಂದೋ, ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಇನ್ನೊಂದು ಕಬ್ಬಿನೊಳಗೇ ಇರಬಹುದು. ಇದನ್ನು ಬರೆಯುವಾಗಲೂ ಅದು ತಲೆ ತಿರುಗಿಸಿ ನೋಡಿದ ನೋಟ ಕಣ್ಣೆದುರು ಬರುತ್ತದೆ. ಬರುತ್ತದೆ, ಇರುತ್ತದೆ, ಹೋಗುತ್ತದೆ. ಮಾತ್ರೆಯೂ ಇದೆ, ವೈದ್ಯರು ಹೇಳುವವರೆಗೆ ನಿಲ್ಲಿಸುವುದಿಲ್ಲ. ನಾವು ಸಂಜೆ ಬೇಗ ಹೊರಡುತ್ತೇವೆ, ಗುಂಪಾಗಿ ನಡೆಯುತ್ತೇವೆ. ತಟ್ಟೆ ಬಡಿಯುವವರಲ್ಲಿ ಈಗ ನಾನೂ ಒಬ್ಬಳು.

ನಿದ್ದೆಯ ವಿಷಯ ಹೇಳಿ ಮುಗಿಸುತ್ತೇನೆ. ಅದು ಶಾಲೆಗೆ ಹೋದ ದಿನ ಬರಲಿಲ್ಲ. ಅಂಕ ಇಳಿದ ದಿನವೂ ಬರಲಿಲ್ಲ. ಒಂದು ಶನಿವಾರ ಸಂಜೆ ಬಸ್ಸಿನಲ್ಲಿ ಬರುತ್ತಿದ್ದಾಗ ಬ್ಯಾಗಿನೊಳಗೆ ಫೋನು ನಡುಗಿತು. ಒಂದು ಕ್ಷಣ ಉಸಿರು ಕಟ್ಟಿತು. ತೆಗೆದು ನೋಡಿದೆ. ಅತ್ತೆ.

“ಕೂಸೇ,” ಎಂದರು, ಅಷ್ಟು ತಿಂಗಳ ಮೇಲೆ, ಸ್ವಲ್ಪ ಅಂಜುತ್ತ, “ಬರೋವಾಗ ಕೊತ್ತುಂಬ್ರಿ ಸೊಪ್ಪು ತತ್ತೀಯಾ?”

ಎರಡು ಕಟ್ಟು ತಂದೆ. ಉಂಡು ಮಲಗಿದೆ.

ಎಚ್ಚರವಾದಾಗ ಬಿಸಿಲು ಕಾಲಿನ ಮೇಲಿತ್ತು. ಬೆಕ್ಕು ಹೊಟ್ಟೆಯ ಮೇಲೆ ಮಲಗಿತ್ತು. ಅಡುಗೆಮನೆಯಲ್ಲಿ ಒಂದು ಸ್ಟೀಲು ತಟ್ಟೆ ಕೈಜಾರಿ ಬಿದ್ದು, ಗಿರಗಿರನೆ ಸುತ್ತಿ ನಿಂತಿತು. ಅತ್ತೆ ಮಗನನ್ನು ಗದರುತ್ತಿದ್ದರು. “ಮೆತ್ಗೆ ಕಣ್ಲಾ! ರಾತ್ರಿಯೆಲ್ಲ ಮಗ್ಗಲು ಬದಲಾಯಿಸ್ದೆ ಮಲ್ಗವ್ಳೆ. ಸದ್ ಮಾಡ್ಬೇಡ.”

ಮನೆ ತುಂಬ ಕೊತ್ತಂಬರಿ ಸೊಪ್ಪಿನ ಘಮ. ಇನ್ನೊಂದು ಸ್ವಲ್ಪ ಹೊತ್ತು ಮಲಗಿದೆ.